ವಸಿ ಪರ್ವಾಗಿಲ್ಲ ಕನಾ!

ನಮ್ಮ ಮದ್ದೂರಿನ ಕಡೆ "ಸಿನಿಮಾ ಹೇಗಿತ್ತು?" ಅಂತ ಕೇಳಿದರೆ ನಿಮಗೆ ಸಿಗೋ ಉತ್ತರಗಳು ಹೆಚ್ಚೆಂದರೆ ಮೂರು. "ನೋಡ್ಬೋದು" ಅಂದರೆ ಚೆನ್ನಾಗಿದೆ ಅಂತ. "ವಸಿ ಪರ್ವಾಗಿಲ್ಲ ಕನಾ" ಅಂದರೆ ಸಿಕ್ಕಾಪಟ್ಟೆ ಚೆನ್ನಾಗಿದೆ, ನೀನೂ ಹೋಗು ಅಂತ. ಏನೂ ಹೇಳದೆ "ಎಳನೀರು ರೇಟು ಎಷ್ಟಾಯ್ತಂತೆ?" ಅಂತ ಮಾತು ತಿರುಗಿಸಿದರೆ ಕೊಟ್ಟ ದುಡ್ಡು ದಂಡ ಅಂತ ಅರ್ಥ :-)

ಐದಕ್ಕೆ ಮೂರೂವರೆ ಸ್ಟಾರ್, ಹಿನ್ನೆಲೆ ಸಂಗೀತ ಪೂರಕ, ದ್ವಿತೀಯಾರ್ಧ ಕೊಂಚ ಎಳೆದಂತಿದೆ... ಇವೆಲ್ಲ ನಮ್ಮವರಿಗೆ ಬರೋದಿಲ್ಲ. ಹಾಗಂತ ನಮ್ಮವರಿಗೆ ವಿಮರ್ಶೆ ಗೊತ್ತಿಲ್ಲ ಅಂದುಕೊಂಡರೆ ಮಾತ್ರ ಮೋಸ ಹೋಗ್ತೀರಿ. ಈ ವಿಮರ್ಶಕರನ್ನು ಯಾರೂ ಕೇಳಲ್ಲ ಅಷ್ಟೆ. ಬಹಳ ದಿನದಿಂದ ಇದರ ಬಗ್ಗೆ ಬರೀಬೇಕು ಅಂತಿತ್ತು, ಇವತ್ತು ಕೂತಿದ್ದೀನಿ.

ನಮ್ಮವ್ವನನ್ನೇ ತಗೊಳ್ಳಿ. ಅವಳ ಜೊತೆ ಕೂತು ಒಂದು ಧಾರಾವಾಹಿ ನೋಡಬೇಕು ನೀವು. ಹಳ್ಳಿ ಮನೆ ಸೊಸೆ ಕೊಟ್ಟಿಗೆಗೆ ರೇಷ್ಮೆ ಸೀರೆ ಉಟ್ಕೊಂಡು ಬಂದರೆ, "ಸಗಣಿ ಬಾಚಕ್ಕೆ ಬಂದವ್ಳೋ ಸೋಬಾನೆಗೆ ಬಂದವ್ಳೋ?" ಅಂತಾಳೆ. ನಾಯಕಿ ಮುದ್ದೆ ತಿನ್ನೋ ಸೀನ್ ಬಂದರಂತೂ ಮುಗೀತು. "ಅಯ್ಯೋ ಮುಂಡೇದೇ, ಅಗೀತಾವ್ಳಲ್ಲಪ್ಪಾ!" ಮುದ್ದೆಯನ್ನ ಅಗಿಯೋದಲ್ಲ, ಸಾರಲ್ಲಿ ಅದ್ದಿ ನುಂಗೋದು ಅನ್ನೋದು ಗೊತ್ತಿಲ್ಲದವರು ಮಂಡ್ಯದ ಮನೆಯ ಕಥೆ ಹೇಳ್ತಿದ್ದಾರೆ ಅನ್ನೋದು ಅವಳಿಗೆ ಆ ಒಂದೇ ತುತ್ತಲ್ಲಿ ಗೊತ್ತಾಗಿಬಿಡುತ್ತೆ.

ಭಾಷೆಯ ವಿಷಯಕ್ಕೆ ಬಂದರೆ ಇನ್ನೂ ಕಟ್ಟುನಿಟ್ಟು. ಎಲ್ಲಾ ಮಾತಿನ ಕೊನೆಗೂ ಒಂದು "ಕಣ್ಲಾ" ಅಂಟಿಸಿಬಿಟ್ಟರೆ ಅದು ಮಂಡ್ಯ ಕನ್ನಡ ಅಂತ ಸುಮಾರು ಜನ ಸಂಭಾಷಣೆ ಬರೆಯೋರು ನಂಬಿದ್ದಾರೆ. ಒಂದು ಧಾರಾವಾಹಿಯಲ್ಲಿ ಅತ್ತೆ ಪಾತ್ರ ಸೊಸೆಗೆ "ಬಾರ್ಲಾ ಇಲ್ಲಿ" ಅಂತು. ಅವ್ವ ಕೈಲಿದ್ದ ಅವರೆಕಾಯಿ ಬಿಟ್ಟು ಟೀವಿ ಕಡೆ ತಿರುಗಿ, "ಹೆಣ್ಮಗೀಗೆ ಯಾರಾದ್ರೂ ಲಾ ಅಂತಾರಾ? ಗಂಡೈಕ್ಳಿಗೆ ಲಾ, ಹೆಣ್ಣೈಕ್ಳಿಗೆ ಮ್ಮೀ. ಅಷ್ಟೂ ತಿಳೀದಾ ಇವ್ರ್ಗೆ?" ಅಂದಳು. ಇಷ್ಟು ಚಿಕ್ಕದಾಗಿ, ಇಷ್ಟು ಸ್ಪಷ್ಟವಾಗಿ ವ್ಯಾಕರಣ ಹೇಳಿದವರನ್ನ ನಾನು ಕಾಲೇಜಿನಲ್ಲೂ ನೋಡಿಲ್ಲ.

ಈ ಅಭಿಪ್ರಾಯ ಎಲ್ಲಾದರೂ ದಾಖಲಾಗುತ್ತಾ? ಟಿಆರ್‌ಪಿ ಅನ್ನೋ ಲೆಕ್ಕ ನಿಮಗೆ ಗೊತ್ತಲ್ಲ. ಬಹಳ ವರ್ಷ ಆ ಲೆಕ್ಕದ ಮೀಟರುಗಳು ಇದ್ದದ್ದು ನಗರ ಪಟ್ಟಣಗಳಲ್ಲಿ ಮಾತ್ರ. ಹಳ್ಳಿಗಳು ಲೆಕ್ಕಕ್ಕೇ ಇರಲಿಲ್ಲ. 2015ರಲ್ಲಿ ಬಾರ್ಕ್ ಅನ್ನೋ ಹೊಸ ವ್ಯವಸ್ಥೆ ಬಂತು, ಅದೇ ವರ್ಷದ ಅಕ್ಟೋಬರಿನಿಂದ ಹಳ್ಳಿ ಮನೆಗಳ ಲೆಕ್ಕವೂ ಸೇರಿತು. ಅಂದರೆ ನಮ್ಮೂರಿನವರು ಏನು ನೋಡ್ತಾರೆ ಅಂತ ಟೀವಿಯವರು ಲೆಕ್ಕ ಹಾಕೋಕೆ ಶುರು ಮಾಡಿ ಇನ್ನೂ ಹತ್ತು ಚಿಲ್ಲರೆ ವರ್ಷ ಆಗಿದೆ ಅಷ್ಟೆ.

ಅದರಲ್ಲೂ ಒಂದು ತಮಾಷೆ ಇದೆ. ಮೀಟರಿಗೆ ಗೊತ್ತಾಗೋದು ಟೀವಿಯಲ್ಲಿ ಏನು ಓಡ್ತಿತ್ತು ಅಂತ ಮಾತ್ರ. ಎದುರಿಗೆ ಕೂತೋರು ಏನಂದ್ರು ಅಂತ ಅಲ್ಲ. ನಮ್ಮವ್ವ ಒಂದು ಧಾರಾವಾಹಿಯನ್ನ ಮೊದಲಿಂದ ಕೊನೇವರೆಗೂ ಬೈಕೊಂಡೇ ನೋಡ್ತಾಳೆ. ಮೀಟರ್ ಇದ್ದಿದ್ದರೆ ಅಷ್ಟೂ ಬೈಗುಳ ಚಾನೆಲಿನವರ ಪಾಲಿಗೆ ಮೆಚ್ಚುಗೆ :-)

ಹಾಗಂತ ಎಲ್ಲವನ್ನೂ ಬೈತಾಳೆ ಅಂತಲ್ಲ. 2021ರ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ 'ಪುಟ್ಟಕ್ಕನ ಮಕ್ಕಳು' ಶುರುವಾದಾಗ ಅವ್ವ ಸುಮ್ಮನೆ ನೋಡಿದಳು. ಗಂಡ ಬಿಟ್ಟುಹೋದ ಮೇಲೆ ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನ ಸಾಕೋ ಪುಟ್ಟಕ್ಕನಾಗಿ ಉಮಾಶ್ರೀ. "ಈವಮ್ಮ ಸೌದೆ ಒಲೆ ಮುಂದೆ ಕುಂತವ್ಳು ಕನಾ, ಕೈ ನೋಡು" ಅಂದಳು. ಅದಕ್ಕಿಂತ ದೊಡ್ಡ ಪ್ರಶಸ್ತಿ ನಮ್ಮ ಮನೇಲಿ ಇಲ್ಲ. 2024ರಲ್ಲಿ ಆ ಕಥೆಯ ಸ್ನೇಹಾ ಪಾತ್ರವನ್ನ ಸಾಯಿಸಿದಾಗ ಮಾತ್ರ ಎರಡು ದಿನ ಆ ಹೊತ್ತಿಗೆ ಟೀವಿ ಹಾಕಲಿಲ್ಲ. "ಓದ್ಸಿ ಮುಂದುಕ್ಕೆ ತಂದ ಹುಡ್ಗೀನ ಇಂಗ್ ಮಾಡ್ತಾರಾ?" ಅಂತ.

ಈಗ ನಾನು ಬರೀಬೇಕು ಅಂತ ಕೂತ ವಿಷಯಕ್ಕೆ ಬರ್ತೀನಿ.

ಮಂಡ್ಯಕ್ಕೂ ಸಿನಿಮಾಕ್ಕೂ ನಂಟು ಇಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. ಅಂಬರೀಷ್ ಹುಟ್ಟಿದ್ದು ನಮ್ಮ ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆ ಕಡೆಯ ಮನೆತನದಲ್ಲಿ. 1972ರ 'ನಾಗರಹಾವು' ಚಿತ್ರದ ಜಲೀಲನಿಂದ ಶುರುವಾಗಿ, 'ಅಂತ' ಆಗಿ, 1994ರಲ್ಲಿ 'ಮಂಡ್ಯದ ಗಂಡು' ಅನ್ನೋ ಹೆಸರಿನ ಸಿನಿಮಾನೇ ಬಂತು. 2018ರ ನವೆಂಬರಿನಲ್ಲಿ ಅವರು ಹೋದಾಗ ಬೆಂಗಳೂರಿನಿಂದ ಮಂಡ್ಯದ ಸ್ಟೇಡಿಯಮ್ಮಿಗೆ ಹೆಲಿಕಾಪ್ಟರಿನಲ್ಲಿ ತಂದು ಅಂತಿಮ ದರ್ಶನಕ್ಕೆ ಇಟ್ಟಿದ್ದು ನಿಮಗೆ ನೆನಪಿರಬಹುದು. ಅಷ್ಟು ಪ್ರೀತಿ. ತೆರೆಯ ಹೊರಗೆ ಅವರ ಮಾತಿನ ಧಾಟಿ ಎಂಥದ್ದು ಅನ್ನೋದೂ ಎಲ್ಲರಿಗೂ ಗೊತ್ತು.

ಆದರೆ ತೆರೆಯ ಮೇಲೆ? ಸಾಮಾನ್ಯವಾಗಿ ಹೀರೋ ಹೀರೋಯಿನ್ ಮಾತಾಡೋದು ಅಚ್ಚುಕಟ್ಟಾದ ಮೈಸೂರು-ಬೆಂಗಳೂರು ಕನ್ನಡ. ನಮ್ಮ "ಐತೆ", "ಬುಡು", "ವಸಿ" ಎಲ್ಲಾ ಮನೆ ಕೆಲಸದವನಿಗೆ, ಕುಡುಕನಿಗೆ, ಪೇಟೆಗೆ ಬಂದು ಕಕ್ಕಾಬಿಕ್ಕಿಯಾದ ಗೌಡನಿಗೆ. ಕಥೆಗಾರ ಬೆಸಗರಹಳ್ಳಿ ರಾಮಣ್ಣ ಇದೇ ಮದ್ದೂರಿನ ಮಣ್ಣಿನ ಮಾತಲ್ಲಿ ಕಥೆ ಬರೆದರು, ಯಾರೂ ಅದನ್ನ ಕಾಮಿಡಿ ಅನ್ನಲಿಲ್ಲ. ಪುಸ್ತಕದಲ್ಲಿ ಮರ್ಯಾದೆ ಸಿಕ್ಕಿದ ಮಾತಿಗೆ ಪರದೆಯ ಮೇಲೆ ಸಿಕ್ಕಿದ್ದು ನಗು ಮಾತ್ರ.

ಇದು ಬರೀ ಸಿನಿಮಾ ವಿಷಯ ಆಗಿದ್ದರೆ ನಾನೂ ಹೋಗ್ಲಿ ಬಿಡು ಅಂತಿದ್ದೆ. ಎರಡು ವರ್ಷದ ಹಿಂದೆ ಅವ್ವ ಬೆಂಗಳೂರಿಗೆ ಬಂದು ನಮ್ಮ ಜೊತೆ ಒಂದು ತಿಂಗಳಿದ್ದಳು. ನನ್ನ ಮಗಳಿಗೆ ಆಗ ಏಳು ವರ್ಷ. ಯಾವುದೋ ಹಾಸ್ಯದ ಕಾರ್ಯಕ್ರಮ ನೋಡ್ತಿದ್ದವಳು ಥಟ್ಟನೆ ತಿರುಗಿ, "ಅಜ್ಜೀ, ನೀನು ಟೀವೀಲಿ ಬರೋ ಕಾಮಿಡಿ ಆಂಟಿ ಥರಾನೇ ಮಾತಾಡ್ತೀಯ!" ಅಂದಳು. ಮಗು, ಖುಷಿಯಿಂದಲೇ ಹೇಳಿದ್ದು. ಎಲ್ಲರೂ ನಕ್ಕರು, ಅವ್ವನೂ ನಕ್ಕಳು.

ಮಾರನೇ ದಿನದಿಂದ ಅವ್ವನ ಮಾತು ಬದಲಾಯ್ತು. ಮೊಮ್ಮಗಳ ಹತ್ತಿರ "ಊಟ ಮಾಡುತ್ತೀಯಾ ಪುಟ್ಟಿ?" ಅಂತ ತಡೆದು ತಡೆದು ಕೇಳೋಳು. ನಮ್ಮ ಕಡೆ ಹಳಬರು 'ಹಾಲು' ಅನ್ನೋದಕ್ಕೆ 'ಆಲು' ಅಂತಾರಲ್ಲ, ಅದನ್ನ ಸರಿ ಮಾಡೋಕೆ ಹೋಗಿ ಇಲ್ಲದ ಕಡೆಯೂ ಒಂದು 'ಹ' ಸೇರಿಸಿ, "ಹನ್ನಕ್ಕೆ ಸಾರು ಹಾಕಲಾ?" ಅಂದಳು. ಅವತ್ತು ಯಾರೂ ನಗಲಿಲ್ಲ. ನನಗಂತೂ ತುತ್ತು ಇಳೀಲಿಲ್ಲ. ಅರವತ್ತು ವರ್ಷ ಆಡಿದ ಮಾತನ್ನ ಒಬ್ಬ ಹೆಂಗಸು ತನ್ನ ಮಗನ ಮನೇಲಿ ಕೂತು ತಿದ್ದಿಕೊಳ್ತಿದ್ದಾಳೆ, ಅದೂ ಟೀವಿಯ ಒಂದು ಪಾತ್ರಕ್ಕೆ ಹೆದರಿ.

ಆಗ ನನಗೆ ನೆನಪಾಗಿದ್ದು 'ತಿಥಿ'.

ನೋಡದೆ ಇರೋರಿಗೆ ಚಿಕ್ಕದಾಗಿ ಹೇಳಿಬಿಡ್ತೀನಿ. ರಾಮ್ ರೆಡ್ಡಿ ನಿರ್ದೇಶನ. ಅವರ ಜೊತೆ ಸೇರಿ ಬರೆದವರು ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನವರೇ ಆದ ಈರೇಗೌಡ. ಅದೇ ಊರಿನ ಸುತ್ತಮುತ್ತ ಚಿತ್ರೀಕರಣ, ಕ್ಯಾಮೆರಾ ಮುಂದೆ ಹಿಂದೆಂದೂ ನಿಲ್ಲದ ಹಳ್ಳಿಯವರೇ ಪಾತ್ರಧಾರಿಗಳು. 2015ರ ಆಗಸ್ಟಿನಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರ ವಿಭಾಗದ ಗೋಲ್ಡನ್ ಲೆಪರ್ಡ್ ಬಂತು. ಆಮೇಲೆ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿ. ಕರ್ನಾಟಕದಲ್ಲಿ ಬಿಡುಗಡೆಯಾಗಿದ್ದು 2016ರ ಮೇ ತಿಂಗಳಲ್ಲಿ. ನೂರೊಂದು ವರ್ಷದ ಸೆಂಚುರಿ ಗೌಡ ಸಾಯ್ತಾನೆ, ಹನ್ನೊಂದನೇ ದಿನಕ್ಕೆ ತಿಥಿ. ಮೊಮ್ಮಗ ತಮ್ಮಣ್ಣನಿಗೆ ತಾತನ ಹೆಸರಲ್ಲಿರೋ ಐದು ಎಕರೆ ಮಾರಬೇಕು. ತಾತನ ಮಗ, ಅಂದರೆ ತಮ್ಮಣ್ಣನ ಅಪ್ಪ ಗಡ್ಡಪ್ಪನಿಗೆ ಆಸ್ತಿಯೂ ಬೇಡ ಏನೂ ಬೇಡ, ಬ್ರಾಂಡಿ ಕುಡ್ಕೊಂಡು ಸುತ್ತಾಡ್ತಿರ್ತಾನೆ. ತಮ್ಮಣ್ಣ ಬದುಕಿರೋ ಅಪ್ಪನ ಹೆಸರಲ್ಲೇ ಡೆತ್ ಸರ್ಟಿಫಿಕೇಟ್ ಮಾಡಿಸ್ತಾನೆ.

ಬಂದ ಹೊಸದರಲ್ಲೇ ಅವ್ವ, ದೊಡ್ಡಪ್ಪ, ಸೋದರತ್ತೆ ಮೂವರನ್ನೂ ಮಂಡ್ಯಕ್ಕೆ ಕರ್ಕೊಂಡು ಹೋಗಿ ತೋರಿಸಿದ್ದೆ. ಆಚೆ ಬಂದ ಮೇಲೆ ಮೂವರದ್ದೂ ಮೂರು ಅಭಿಪ್ರಾಯ.

ಅತ್ತೆಗೆ ಸಿಟ್ಟು. "ಮನೆ ಮಂದಿ ಕುಂತು ನೋಡಂಗದಾ? ಎಂತೆಂತಾ ಮಾತು! ಆಡ್ತೀವಿ ಬುಡು, ಇಲ್ಲಾ ಅನ್ನಕಿಲ್ಲ. ಪರದೆ ಮೇಲೆ ಹಾಕಿ ಊರ್‌ಗೆಲ್ಲಾ ತೋರ್ಸ್‌ಬೇಕಾ?" ಪ್ರಶಸ್ತಿ ಕೊಟ್ಟವರು ಯಾರೂ ಎತ್ತದ ಪ್ರಶ್ನೆ ಇದು. ಆದರೆ ಆ ಊರಿನಲ್ಲೇ ಬದುಕಬೇಕಾದವರ ಪ್ರಶ್ನೆ. ಅದನ್ನ ಸುಮ್ಮನೆ ತಳ್ಳಿಹಾಕೋಕೆ ನನಗೆ ಮನಸ್ಸು ಬರಲ್ಲ.

ದೊಡ್ಡಪ್ಪ, "ಇದ್ಯಾವ್ ಸಿನ್ಮಾಲಾ? ಫೈಟಿಲ್ಲ ಆಡಿಲ್ಲ. ನಮ್ಮನೆ ಜಗಲಿ ಮೇಲೆ ಕುಂತ್ರೆ ಬಿಟ್ಟಿ ಕಾಣ್ತದೆ" ಅಂದರು. ಬಸ್ ಹತ್ತಿ ಮದ್ದೂರು ಬರೋವರೆಗೂ ಮಾತಿಲ್ಲ. ಶಿಂಷಾ ಸೇತುವೆ ಹತ್ತಿರ ಇದ್ದಕ್ಕಿದ್ದ ಹಾಗೆ, "ಆ ತಮ್ಮಣ್ಣ ಮಾಡಿದ್ರಲ್ಲಿ ತಪ್ಪೇನೈತ್ಲಾ?" ಅಂದರು. ಟಾಕೀಸಿನಲ್ಲಿ ಸುಳ್ಳು ಸರ್ಟಿಫಿಕೇಟ್ ಸೀನಿಗೆ ಜನ ಬಿದ್ದು ಬಿದ್ದು ನಗ್ತಿದ್ದಾಗ ದೊಡ್ಡಪ್ಪ ನಗದೆ ಕೂತಿದ್ದು ನನಗೆ ಆಗ ಅರ್ಥವಾಯ್ತು. ನಮ್ಮ ಎರಡು ಎಕರೆ ಆಗ ಇನ್ನೂ ತಾತನ ಹೆಸರಲ್ಲೇ ಇತ್ತು. ತಾತ ಸತ್ತು ಇಪ್ಪತ್ತು ವರ್ಷ ಆಗಿದ್ದರೂ ಪೌತಿ ಖಾತೆ ಆಗಿರಲಿಲ್ಲ. ವಂಶವೃಕ್ಷ ತಾ, ಎಲ್ಲರ ಸಹಿ ತಾ, ನಾಳೆ ಬಾ... ಅಲೆದಲೆದು ಅವರ ಚಪ್ಪಲಿ ಸವೆದಿತ್ತು. ಪತ್ರಿಕೆಗಳು ಹಾಸ್ಯ ಅಂತ ಮೆಚ್ಚಿದ್ದು ದೊಡ್ಡಪ್ಪನ ಪಾಲಿಗೆ ಅವರದೇ ಪಹಣಿ ಕಥೆ.

ಅವ್ವ ಕೊನೆಗೆ ಹೇಳಿದ್ದು ಒಂದೇ ಮಾತು. "ಅಲ್ಲಿ ಎಲ್ರೂವೆ ಇಂಗೇ ಆಡ್ತಾರೆ. ಅದ್ಕೇ ಮಾತ್‌ಗೆ ಯಾರೂ ನಗನಿಲ್ಲ."

ಆಗ ನಾನು ಹೂಂ ಅಂದು ಸುಮ್ಮನಾಗಿದ್ದೆ. 'ಹನ್ನ' ಕೇಳಿದ ದಿನ ಆ ಮಾತಿನ ತೂಕ ಗೊತ್ತಾಯ್ತು. ತಿಥಿಯಲ್ಲಿ ಜನ ನಕ್ಕಿದ್ದು ನಡೆದ ಘಟನೆಗೆ, ಆಡಿದ ಭಾಷೆಗಲ್ಲ. ಹತ್ತು ಜನ ನೆಟ್ಟಗೆ ಮಾತಾಡೋ ಕಡೆ ಒಬ್ಬನ ಬಾಯಲ್ಲಿ ಮಾತ್ರ "ಐತೆ" ಇಟ್ಟರೆ ಅದು ಜೋಕು. ಹತ್ತೂ ಜನರ ಬಾಯಲ್ಲಿಟ್ಟರೆ ಅದೇ ಭಾಷೆಯಲ್ಲಿ ಸಾವು, ಆಸ್ತಿ, ಪ್ರೀತಿ, ಕಳ್ಳತನ ಎಲ್ಲಾ ನಡೆಯುತ್ತೆ. ಭಾಷೆಗೆ ಅದಕ್ಕಿಂತ ಹೆಚ್ಚಿನ ಮರ್ಯಾದೆ ಬೇಕಿಲ್ಲ.

ಅಂದ ಹಾಗೆ, ಆಮೇಲೆ ಏನಾಯ್ತು ಅನ್ನೋದೂ ಹೇಳಬೇಕು. ತಿಥಿ ಗೆದ್ದ ಮೇಲೆ ಗಡ್ಡಪ್ಪನನ್ನೂ ಸೆಂಚುರಿ ಗೌಡನನ್ನೂ ಹಾಕಿಕೊಂಡು 'ತರ್ಲೆ ವಿಲೇಜ್' ಥರದ ಸಿನಿಮಾಗಳು ಬಂದವು. ದೊಡ್ಡಪ್ಪನ ತೀರ್ಪು: "ಮೊದ್ಲು ಅವ್ರು ಅವ್ರ್ ಪಾಡ್ಗೆ ಇದ್ರು. ಈಗ ನಮ್ಮನ್ನ ನಗ್ಸಕ್ಕೆ ಬತ್ತಾವ್ರೆ." ಇದಕ್ಕೆ ನಾನು ಸೇರಿಸೋಕೆ ಏನೂ ಇಲ್ಲ. ಈರೇಗೌಡರು ಮಾತ್ರ ಆಮೇಲೆ ತಾವೇ 'ಬಳೆಕೆಂಪ' ಮಾಡಿದರು, 2018ರಲ್ಲಿ ಅದು ರಾಟರ್‌ಡ್ಯಾಮ್ ಚಿತ್ರೋತ್ಸವಕ್ಕೂ ಹೋಗಿ ಬಂತು.

ಕಳೆದ ದಸರಾ ರಜೆಯಲ್ಲಿ ಊರಿಗೆ ಹೋದಾಗ ತಿಥಿಯ ಕುರಿ ಕಾಯೋರ ಸೀನುಗಳನ್ನ, ಬೈಗುಳ ಇಲ್ಲದ ಕಡೆ ಹುಡುಕಿ, ಮಗಳಿಗೆ ತೋರಿಸಿದೆ. ಭಾಷೆ ಬಗ್ಗೆ ಅವಳು ಏನೂ ಹೇಳಲಿಲ್ಲ. ಅವಳು ಕೇಳಿದ್ದು ಒಂದೇ, "ಇಷ್ಟೊಂದು ಕುರೀಲಿ ಯಾವುದು ಯಾರದ್ದು ಅಂತ ಹೆಂಗೆ ಗೊತ್ತಾಗತ್ತೆ ಅಜ್ಜೀ?" ಅವ್ವ ಹತ್ತಿರ ಎಳ್ಕೊಂಡು ಕೂರಿಸಿಕೊಂಡು ಅರ್ಧ ಗಂಟೆ ಹೇಳಿದಳು. ಕಿವಿ ಕೊಯ್ಯೋದು, ಬಣ್ಣ ಹಚ್ಚೋದು, ಮರಿ ತಾಯಿಯನ್ನ ಕೂಗಿನಲ್ಲೇ ಗುರುತು ಹಿಡಿಯೋದು... ಒಂದು 'ಹ'ಕಾರವೂ ಇರಲಿಲ್ಲ.

ನಿಮ್ಮ ಕಡೆ ಹೇಗೆ? ಧಾರವಾಡದವರು, ಕುಂದಾಪುರದವರು, ಕಲಬುರ್ಗಿಯವರು, ನಿಮ್ಮ ಮಾತೂ ತೆರೆ ಮೇಲೆ ಹೀಗೇ ನಗೆಪಾಟಲಾಗಿದ್ದುಂಟಲ್ಲ. ಹೊಸ ಸಿನಿಮಾ, ಧಾರಾವಾಹಿ ನೋಡಿ ನಿಮ್ಮ ಮನೆಯ ಹಿರಿಯರು ಏನಂತಾರೆ? ಸ್ಟಾರ್ ಗೀರ್ ಬೇಡ, ಅವರ ಮಾತಲ್ಲೇ ಬರೆದು ತಿಳಿಸಿ. ನಾನು ಅವ್ವನಿಗೆ ಓದಿ ಹೇಳ್ತೀನಿ. "ವಸಿ ಪರ್ವಾಗಿಲ್ಲ ಕನಾ" ಅಂದರೆ ನೀವು ಗೆದ್ದ ಹಾಗೆ :-)