ತೋಟಾ ಹೊಸದು, ಗುಂಡು ಹಳೆಯದು

2022ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಕಂಪನಿ ಹೊಸ ಪಿಸ್ತೂಲು ತೋಟಾವೊಂದನ್ನು ಮಾರುಕಟ್ಟೆಗೆ ತಂದಿತು. ಹೆಸರು .30 ಸೂಪರ್ ಕ್ಯಾರಿ. ಹೇಳಿಕೊಂಡದ್ದು ಸರಳ: 9 ಎಂಎಂ ತೋಟಾದಷ್ಟೇ ಬಲ, ಆದರೆ ಸ್ವಲ್ಪ ಸಪೂರ. ಸಪೂರವಾದ್ದರಿಂದ ಅಷ್ಟೇ ದೊಡ್ಡ ಪಿಸ್ತೂಲಿನ ಮ್ಯಾಗಝೀನಿನಲ್ಲಿ ಎಂಟರ ಬದಲು ಹತ್ತು ತೋಟಾ ಕೂರುತ್ತವೆ. ಸೊಂಟಕ್ಕೆ ಸಣ್ಣ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡುವ ಅಮೆರಿಕನ್ನರಿಗೆ ಎರಡು ಗುಂಡು ಹೆಚ್ಚು ಕೊಟ್ಟರೆ ಅವರು 9 ಎಂಎಂ ಬಿಟ್ಟು ಇದಕ್ಕೆ ಬರುತ್ತಾರೆ ಎಂಬುದು ಲೆಕ್ಕಾಚಾರ.

ಬಂದರೇ? ಸ್ಮಿತ್ ಅಂಡ್ ವೆಸನ್ ಇದಕ್ಕೆಂದು ಪಿಸ್ತೂಲು ಮಾಡಿತು, ನೈಟ್‌ಹಾಕ್ ಎಂಬ ದುಬಾರಿ ಪಿಸ್ತೂಲಿನ ಕಂಪನಿಯೂ ಮಾಡಿತು. ಉಳಿದ ದೊಡ್ಡ ಕಂಪನಿಗಳಲ್ಲಿ ಬಹುತೇಕ ಯಾರೂ ಅದರತ್ತ ತಿರುಗಲಿಲ್ಲ. ಕೊರೋನಾ ಕಾಲದ ಕೊರತೆಯಿಂದ ಅಲ್ಲಿನ ಜನರಿಗೆ ಮಾಮೂಲಿ 9 ಎಂಎಂ ಸಿಗುವುದೇ ಕಷ್ಟವಾಗಿದ್ದ ದಿನಗಳವು. ಇದ್ದ ಪಿಸ್ತೂಲಿಗೇ ತೋಟಾ ಇಲ್ಲದವನು ಹೊಸ ತೋಟಾಕ್ಕೆಂದು ಹೊಸ ಪಿಸ್ತೂಲು ಏಕೆ ಕೊಳ್ಳಬೇಕು?

ಹೊಸ ತೋಟಾ ಗೆಲ್ಲುವುದೇ ಇಲ್ಲವೇ ಎಂಬ ಈ ಪ್ರಶ್ನೆಯನ್ನು ಅಮೆರಿಕದಲ್ಲಿ ಕೇಳಿದರೆ ಮಾರುಕಟ್ಟೆಯ ಉತ್ತರ ಸಿಗುತ್ತದೆ. ಥಾಣೆ, ಕಲ್ಯಾಣ್, ಡೊಂಬಿವಲಿ, ನವಿ ಮುಂಬೈ ಕಡೆ ಕೇಳಿದರೆ ಸಿಗುವ ಉತ್ತರ ಬೇರೆ. ಅದು ಹೆಚ್ಚು ಸ್ವಾರಸ್ಯದ್ದು, ಸ್ವಲ್ಪ ಕಹಿಯಾದದ್ದು ಕೂಡ.

ಮೊದಲು ಮಾತುಗಳನ್ನು ಬಿಡಿಸಿಕೊಳ್ಳಬೇಕು. ಗುಂಡು ಎಂದರೆ ನಳಿಗೆಯಿಂದ ಹಾರಿಹೋಗುವ ಸೀಸದ ತುಂಡು. ತೋಟಾ ಎಂದರೆ ಹಿತ್ತಾಳೆಯ ಕೋಶ, ಒಳಗಿನ ಮದ್ದು, ತಳದಲ್ಲಿ ಕಿಡಿ ಹತ್ತಿಸುವ ಕ್ಯಾಪು, ತುದಿಯಲ್ಲಿ ಗುಂಡು ಎಲ್ಲ ಸೇರಿದ ಇಡೀ ವಸ್ತು. ಮರಾಠಿಯಲ್ಲಿ ಅದು ಕಾಡತೂಸ. ಥಾಣೆ ಜಿಲ್ಲೆಯ ಪತ್ರಿಕೆಗಳ ಅಪರಾಧ ಪುಟದಲ್ಲಿ 'ಗಾವಠಿ ಕಟ್ಟಾ' ಮತ್ತು 'ಜಿವಂತ ಕಾಡತೂಸ' ಎಂಬ ಜೋಡಿಪದಗಳು ಆಗಾಗ ಕಾಣುತ್ತವೆ. ಕನ್ನಡ ಪತ್ರಿಕೆಗಳು ಅದನ್ನೇ ನಾಡಪಿಸ್ತೂಲು, ಜೀವಂತ ಗುಂಡು ಎನ್ನುತ್ತವೆ. ಗುಂಡಿಗೂ ತೋಟಾಕ್ಕೂ ಇರುವ ವ್ಯತ್ಯಾಸ ಮಾತಿನಲ್ಲಿ ಅಳಿಸಿಹೋಗಿದೆ. ಈ ಕಥೆಯ ಗುಟ್ಟು ಇರುವುದೇ ಆ ವ್ಯತ್ಯಾಸದಲ್ಲಿ.

ಹೊಸ .30 ಸೂಪರ್ ಕ್ಯಾರಿಯ ಗುಂಡಿನ ದಪ್ಪ ಅಂಗುಲದ ಸುಮಾರು .313 ಭಾಗ, ಅಂದರೆ ಹೆಚ್ಚುಕಡಿಮೆ 7.9 ಮಿಲಿಮೀಟರ್. ನಮ್ಮಲ್ಲಿ ಲೈಸೆನ್ಸ್ ಇರುವವರ ಮನೆಯ ಬೀರುವಿನಲ್ಲಿ ಕೂತಿರುವ .32 ರಿವಾಲ್ವರಿನ ಗುಂಡಿನ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. .32 ಪಿಸ್ತೂಲಿನದ್ದೂ ಅಷ್ಟೇ. .30, .32, 7.65 ಎಂದು ಹೆಸರು ಏನೇ ಇರಲಿ, ನಳಿಗೆಯಿಂದ ಹೊರಬೀಳುವ ತುಂಡು ಒಂದೇ ಅಳತೆಯದು. ಬೇರೆಯಾಗಿರುವುದು ಅದರ ಹಿಂದಿನ ಒತ್ತಡ. .32 ರಿವಾಲ್ವರ್ ತೋಟಾದೊಳಗೆ ಮದ್ದು ಉರಿದಾಗ ಹುಟ್ಟುವ ಒತ್ತಡಕ್ಕೆ ಪ್ರತಿ ಚದರ ಅಂಗುಲಕ್ಕೆ 15,000 ಪೌಂಡ್ ಮಿತಿ. 9 ಎಂಎಂಗೆ 35,000. ಹೊಸದಕ್ಕೆ ಸುಮಾರು 50,000. ಹಳೆಯ .32ರ ಗುಂಡು ಸೆಕೆಂಡಿಗೆ ಇನ್ನೂರಿಪ್ಪತ್ತು ಮೀಟರಿನ ಆಸುಪಾಸಿನಲ್ಲಿ ಹೋದರೆ ಹೊಸದು 380 ಮೀಟರಿನಲ್ಲಿ ಹೋಗುತ್ತದೆ. ತೂಕ ಹೆಚ್ಚುಕಡಿಮೆ ಒಂದೇ, ಆದರೆ ಹೊಡೆತದ ಶಕ್ತಿ ಮೂರರಷ್ಟು.

.32 ರಿವಾಲ್ವರ್ ತೋಟಾ ಹುಟ್ಟಿದ್ದು 1896ರಲ್ಲಿ, ಮುಂಬೈಗೆ ಪ್ಲೇಗ್ ಕಾಲಿಟ್ಟ ವರ್ಷ. .32 ಪಿಸ್ತೂಲಿನ ತೋಟಾ 1899ರದು. 9 ಎಂಎಂ ಬಂದದ್ದು 1902ರಲ್ಲಿ. ರೈಫಲ್ ಮತ್ತು ಪಿಸ್ತೂಲು ಸ್ಪರ್ಧೆಗಳ ಜೀವಾಳವಾದ .22 ಲಾಂಗ್ ರೈಫಲ್ 1887ರದು. ನೂರು ವರ್ಷ ದಾಟಿದ ಈ ನಾಲ್ಕರ ನಡುವೆ ಎಷ್ಟೋ ಹೊಸ ತೋಟಾಗಳು ಬಂದು ಹೋಗಿವೆ. 1986ರ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ಎಫ್‌ಬಿಐನವರು ದರೋಡೆಕೋರರೊಂದಿಗಿನ ಗುಂಡಿನ ಕಾಳಗದಲ್ಲಿ ಇಬ್ಬರು ಏಜೆಂಟರನ್ನು ಕಳೆದುಕೊಂಡರು. ತಮ್ಮ ಗುಂಡಿಗೆ ಬಲ ಸಾಲಲಿಲ್ಲ ಎಂದು 10 ಎಂಎಂ ಕಡೆ ಹೋದರು. ಅದರ ಒದೆತ ಹೆಚ್ಚಾಯಿತೆಂದು ಅದನ್ನೇ ಮೊಟಕುಗೊಳಿಸಿ 1990ರಲ್ಲಿ .40 ಬಂತು. ಅಮೆರಿಕದ ಪೊಲೀಸರೆಲ್ಲ ಅದರ ಹಿಂದೆ ಹೋದರು. 2015ರ ಹೊತ್ತಿಗೆ ಎಫ್‌ಬಿಐ ಮತ್ತೆ 9 ಎಂಎಂಗೇ ಮರಳಿತು. 2003ರಲ್ಲಿ ಗ್ಲಾಕ್ ಕಂಪನಿ .45 ಗ್ಯಾಪ್ ಎಂಬುದನ್ನು ತಂದಿತು. ಕೆಲವು ರಾಜ್ಯಗಳ ಪೊಲೀಸರು ಕೊಂಡರು, ಕೆಲವೇ ವರ್ಷಗಳಲ್ಲಿ ಕೈಬಿಟ್ಟರು. ಇವು ಯಾವುವೂ ಕೆಟ್ಟ ತೋಟಾಗಳಲ್ಲ. ಎಲ್ಲವೂ ಕಾಗದದ ಮೇಲೆ ಹಳೆಯದಕ್ಕಿಂತ ಒಂದು ಗುಲಗಂಜಿ ಮೇಲೇ. ಆದರೆ ಊರೂರ ಅಂಗಡಿಯಲ್ಲಿ, ಕಡಿಮೆ ಬೆಲೆಗೆ, ಕೇಳಿದಾಗ ಸಿಗುವ ಸರಕನ್ನು ಸೋಲಿಸಲು ಗುಲಗಂಜಿ ತೂಕ ಸಾಲದು.

ಸ್ಪರ್ಧೆಯ ಲೋಕದಲ್ಲಿ ತೋಟಾವನ್ನು ಬದುಕಿಸುವುದೂ ಸಾಯಿಸುವುದೂ ನಿಯಮಪುಸ್ತಕ. 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲ್ ಸ್ಪರ್ಧೆಯಲ್ಲಿ ದಶಕಗಳ ಕಾಲ .22 ಶಾರ್ಟ್ ಎಂಬ ಗಿಡ್ಡ ತೋಟಾ ಮೆರೆಯಿತು. 2005ರಲ್ಲಿ ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ನಿಯಮ ಬದಲಿಸಿ .22 ಲಾಂಗ್ ರೈಫಲ್ ಕಡ್ಡಾಯ ಮಾಡಿತು. ಆ ಗಿಡ್ಡ ತೋಟಾಕ್ಕೆಂದೇ ಮಾಡಿದ ದುಬಾರಿ ಪಿಸ್ತೂಲುಗಳಿಗೆ ಆ ಸ್ಪರ್ಧೆಯಲ್ಲಿ ಜಾಗವಿಲ್ಲವಾಯಿತು. ಸೆಂಟರ್ ಫೈರ್ ಸ್ಪರ್ಧೆಯಲ್ಲಿ 7.62ರಿಂದ 9.65 ಮಿಲಿಮೀಟರ್‌ವರೆಗಿನ ಯಾವ ಗುಂಡನ್ನಾದರೂ ಬಳಸಬಹುದು. ಆದರೂ ಆಯ್ಕೆ ಸಾಮಾನ್ಯವಾಗಿ 1896ರ ಆ .32. ಒದೆತ ಕಡಿಮೆ, ಮೊಂಡು ಮೂತಿಯ ಗುಂಡು ಕಾಗದದ ಗುರಿಯಲ್ಲಿ ಪಂಚಿಂಗ್ ಯಂತ್ರ ಒತ್ತಿದ ಹಾಗೆ ದುಂಡಗಿನ ತೂತು ಮಾಡುತ್ತದೆ. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಜಸ್ಪಾಲ್ ರಾಣಾ 600ಕ್ಕೆ 590 ಅಂಕ ಗಳಿಸಿ ವಿಶ್ವದಾಖಲೆ ಸರಿಗಟ್ಟಿದ್ದು ಇದೇ ಸ್ಪರ್ಧೆಯಲ್ಲಿ. ಅಲ್ಲಿ ಎರಡು ಗುಂಡು ಹೆಚ್ಚು ಬೇಕು ಎಂದವರಿಲ್ಲ. ಹೊಡೆಯಬೇಕಾದ್ದೇ ಅರವತ್ತು, ಅರವತ್ತೂ ಒಂದೇ ಜಾಗಕ್ಕೆ ಹೋಗಬೇಕು, ಅಷ್ಟೇ.

ಭಾರತದಲ್ಲಿ ನಿಯಮಪುಸ್ತಕಕ್ಕಿಂತ ಮೊದಲು ಕಾನೂನು ನಿಲ್ಲುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು ಅದರಡಿಯ ನಿಯಮಗಳ ಪ್ರಕಾರ ಸೇನೆ, ಪೊಲೀಸರು ಬಳಸುವ 9 ಎಂಎಂ, .38, .303ರಂಥ ಬೋರ್‌ಗಳು ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ಸರ್ಕಾರಿ ತೋಟಾ ಕಳುವಾದರೂ ಖಾಸಗಿ ಕೋವಿಗೆ ಹೊಂದಬಾರದು ಎಂಬುದು ಬ್ರಿಟಿಷರ ಕಾಲದಿಂದ ಬಂದ ಯೋಚನೆ. ಆ ಯೋಚನೆಯಿಂದಲೇ .315 ರೈಫಲಿಗೆ ಇಲ್ಲಿ ಬದುಕು ಸಿಕ್ಕಿತು, .32 ರಿವಾಲ್ವರಿಗೆ ಸಿಂಹಾಸನ ಸಿಕ್ಕಿತು. 1980ರ ದಶಕದ ಮಧ್ಯದಲ್ಲಿ ವಿದೇಶಿ ಬಂದೂಕುಗಳ ಆಮದೂ ನಿಂತಿತು. ಹೆಸರಾಂತ ಶೂಟರುಗಳಿಗೆ ಮಾತ್ರ ಬಾಗಿಲು ತೆರೆದಿದೆ.

ಹಾಗಾಗಿ ನಮ್ಮಲ್ಲಿ ಹೊಸತು ಎಂದರೆ ಹೊಸ ತೋಟಾವಲ್ಲ, ಅದೇ ತೋಟಾಕ್ಕೆ ಹೊಸ ರಿವಾಲ್ವರ್. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಮಹಿಳೆಯರಿಗೆಂದು 'ನಿರ್ಭೀಕ್' ತಂದಿತು. ಟೈಟಾನಿಯಂ ಮಿಶ್ರಲೋಹ, ಅರ್ಧ ಕಿಲೋ ತೂಕ, ಬೆಲೆ 1.22 ಲಕ್ಷ ರೂಪಾಯಿ, ತೋಟಾ .32. ದೆಹಲಿಯ ಹುಡುಗಿಯ ಮೇಲಿನ ಕ್ರೌರ್ಯದ ನೆನಪಿನಲ್ಲಿ ಇಟ್ಟ ಹೆಸರು ಅದು. ಆ ಬೆಲೆಯ ರಿವಾಲ್ವರನ್ನು ಯಾವ ಹುಡುಗಿ ರಾತ್ರಿಯ ಬಸ್ಸಿನಲ್ಲಿ ಹಿಡಿದು ಹೋಗುತ್ತಾಳೆ ಎಂದು ಅಂದೇ ಕೇಳಿದವರಿದ್ದರು. 2023ರಲ್ಲಿ ಅದೇ ಕಾನ್ಪುರದಿಂದ 'ಪ್ರಬಲ್' ಬಂತು. ಐವತ್ತು ಮೀಟರ್ ಗುರಿ, ಪಕ್ಕಕ್ಕೆ ತೆರೆದುಕೊಳ್ಳುವ ಸಿಲಿಂಡರ್ ಎಂಬ ಪ್ರಚಾರ. ತೋಟಾ ಮತ್ತೆ .32. ಬ್ರಿಟನ್ನಿನ ವೆಬ್ಲಿ ಅಂಡ್ ಸ್ಕಾಟ್ ಉತ್ತರ ಪ್ರದೇಶದ ಹರ್ದೋಯಿಯಲ್ಲಿ ರಿವಾಲ್ವರ್ ಮಾಡಲು ಬಂದಾಗಲೂ ಆರಿಸಿಕೊಂಡದ್ದು ಅದೇ .32.

ಥಾಣೆ ಪೊಲೀಸ್ ಕಮಿಷನರೇಟಿನ ವ್ಯಾಪ್ತಿ ದೊಡ್ಡದು: ಥಾಣೆ, ಭಿವಂಡಿ, ಕಲ್ಯಾಣ್, ಡೊಂಬಿವಲಿ, ಉಲ್ಲಾಸನಗರ, ಅಂಬರನಾಥ್, ಬದಲಾಪುರ. ನವಿ ಮುಂಬೈಗೆ ಬೇರೆ ಕಮಿಷನರೇಟ್. ಡೊಂಬಿವಲಿಯಿಂದ ಖಾರ್‌ಘರಿಗೆ ಮನೆ ಬದಲಿಸಿದವರ ಲೈಸೆನ್ಸ್ ಪುಸ್ತಕವೂ ಅವರ ಹಿಂದೆ ಮನೆ ಬದಲಿಸಬೇಕು. ಈ ಪಟ್ಟಿಯಲ್ಲಿ ಪಿಸ್ತೂಲು ರಿವಾಲ್ವರುಗಳೊಂದಿಗೆ ಸಂಬಂಧ ಇರುವವರು ಮುಖ್ಯವಾಗಿ ಮೂರು ಬಗೆ. ಒಬ್ಬರು ಬಿಲ್ಡರ್, ಚಿನ್ನದ ವ್ಯಾಪಾರಿ, ರಾಜಕಾರಣಿ. ಇವರಿಗೆ ರಿವಾಲ್ವರ್ ರಕ್ಷಣೆಯೂ ಹೌದು, ಅಂತಸ್ತೂ ಹೌದು. ಇನ್ನೊಬ್ಬರು ಬ್ಯಾಂಕಿನ, ಚಿನ್ನದಂಗಡಿಯ ಬಾಗಿಲಲ್ಲಿ ನಿಲ್ಲುವ ಮಾಜಿ ಸೈನಿಕ. ಇವರಿಗೆ ಲೈಸೆನ್ಸೇ ಅನ್ನ. ಲೈಸೆನ್ಸ್ ನವೀಕರಣವಾಗದಿದ್ದರೆ ಕೆಲಸವೂ ಇಲ್ಲ. ಮೂರನೆಯವರು ಶೂಟಿಂಗ್ ಕಲಿಯುವ ಮಕ್ಕಳು. ಬ್ಯಾಗಿನಲ್ಲಿ ಏರ್ ಪಿಸ್ತೂಲು ಇಟ್ಟುಕೊಂಡು ನೂಕುನುಗ್ಗಲಿನ ಲೋಕಲ್ ಹಿಡಿದು ವರ್ಲಿಯ ಮಹಾರಾಷ್ಟ್ರ ರೈಫಲ್ ಅಸೋಸಿಯೇಷನ್ನಿನ ರೇಂಜಿಗೋ, ಹತ್ತಿರದ ಯಾವುದೋ ಶಾಲೆಯ ಹತ್ತು ಮೀಟರ್ ರೇಂಜಿಗೋ ಹೋಗುವವರು. 20 ಜೌಲ್ ಮೀರದ .177 ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಡ. ಅದರಾಚೆ .22ಕ್ಕೆ, .32ಕ್ಕೆ ಏರಬೇಕೆಂದರೆ ಕಾಗದಪತ್ರ, ಕಾಯುವಿಕೆ, ಖರ್ಚು. ತಿಂಗಳ ಸಂಬಳದ ಮನೆಯವರು ಅಲ್ಲಿಯೇ ನಿಂತುಬಿಡುತ್ತಾರೆ. ಮಗುವಿನ ಕೈ ಸಾಲದೆ ನಿಲ್ಲುವುದಲ್ಲ, ತೋಟಾ ಸಾಲದೆ ನಿಲ್ಲುವುದು.

ಈ ಪಟ್ಟಿಗೆ ಕನ್ನಡಿಗರಿಗೆ ಪರಿಚಿತವಾದ ನಾಲ್ಕನೆಯವರನ್ನೂ ಸೇರಿಸಬಹುದು. ಕಾರ್ಕಳದ ಕಡೆಯ ಒಬ್ಬರು ಡೊಂಬಿವಲಿಯಲ್ಲಿ ಹೋಟೆಲ್ ನಡೆಸುತ್ತಿದ್ದಾರೆ ಎಂದುಕೊಳ್ಳಿ. ಊರಲ್ಲಿ ತಂದೆಯ ಹೆಸರಿನಲ್ಲಿ ಬೆಳೆ ಕಾಯಲು ತೆಗೆದುಕೊಂಡ ಕೋವಿ ಇದೆ. ಪ್ರತಿ ಚುನಾವಣೆಗೆ ಅದನ್ನು ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ತರಬೇಕು. ಅಷ್ಟರಲ್ಲಿ ಹಂದಿ ಬಂದು ಗದ್ದೆ ಹುಡಿ ಮಾಡಿರುತ್ತದೆ. ತಂದೆಗೆ ಎಪ್ಪತ್ತಾಯಿತು. 2016ರ ನಿಯಮಗಳ ಪ್ರಕಾರ ಎಪ್ಪತ್ತು ದಾಟಿದವರು ಅಥವಾ ಇಪ್ಪತ್ತೈದು ವರ್ಷ ಕೋವಿ ಇಟ್ಟುಕೊಂಡವರು ಅದನ್ನು ವಾರಸುದಾರರಿಗೆ ವರ್ಗಾಯಿಸಲು ಅರ್ಜಿ ಹಾಕಬಹುದು. 'ನೀನು ತೆಗೆದುಕೊಳ್ಳುತ್ತೀಯಾ ಮಾರಾಯಾ, ಇಲ್ಲ ಸ್ಟೇಷನ್ನಿಗೆ ಕೊಟ್ಟುಬಿಡಲಾ?' ಎಂದು ಅಪ್ಪ ಫೋನಿನಲ್ಲಿ ಕೇಳಿದರೆ ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ ಕೂತ ಮಗ ಏನೆನ್ನಬೇಕು? ಊರಲ್ಲಿ ಆಯುಧಪೂಜೆಗೆ ಕುಂಕುಮ ಹಚ್ಚಿಸಿಕೊಂಡ ಕೋವಿಗೆ ಇಲ್ಲಿ ಇಡಲು ಜಾಗವಿಲ್ಲ, ಹೊಡೆಯಲು ಹಂದಿಯಿಲ್ಲ. ಆಯುಧದ ಅರ್ಥ ನೆಲಕ್ಕೆ ಅಂಟಿಕೊಂಡದ್ದು. ಅದನ್ನು ರೈಲಿನಲ್ಲಿ ಹಾಕಿ ತರಲಾಗುವುದಿಲ್ಲ.

ಕಲ್ಯಾಣ್‌ನಿಂದ ಕರ್ಜತ್ ಕಡೆಗೆ ಎರಡು ನಿಲ್ದಾಣ ದಾಟಿದರೆ ಅಂಬರನಾಥ್. ಅಲ್ಲಿನ ಆರ್ಡ್‌ನೆನ್ಸ್ ಫ್ಯಾಕ್ಟರಿ ಲೋಹ ಕರಗಿಸುವ, ತಿದ್ದುವ ಕಾರ್ಖಾನೆ. ತೋಟಾದ ದೇಹ ಹಿತ್ತಾಳೆಯದು. ಹಿತ್ತಾಳೆಯನ್ನು ಬಟ್ಟಲಿನಂತೆ ಒತ್ತಿ, ಎಳೆದು, ಕಾಯಿಸಿ ಮೆದುಮಾಡಿ, ಮತ್ತೆ ಎಳೆದು ಕೋಶ ಮಾಡುತ್ತಾರೆ. ಪ್ರತಿ ಹೊಸ ಅಳತೆಗೂ ಹೊಸ ಅಚ್ಚು, ಹೊಸ ಗೇಜು, ಹೊಸ ಪರೀಕ್ಷೆ ಬೇಕು. ಲಕ್ಷಗಟ್ಟಲೆ ಮಾಡಿದರೆ ಮಾತ್ರ ಖರ್ಚು ಹುಟ್ಟುತ್ತದೆ. ಇಡೀ ದೇಶದ ನಾಗರಿಕ ಮಾರುಕಟ್ಟೆಯೇ ಲೈಸೆನ್ಸ್ ಪುಸ್ತಕದ ಮಿತಿಯೊಳಗೆ ಬೆರಳೆಣಿಕೆಯ ತೋಟಾ ಕೊಳ್ಳುವಾಗ ಹೊಸ ಅಳತೆಗೆ ಯಾವ ಕಾರ್ಖಾನೆ ಅಚ್ಚು ಕೊರೆಯುತ್ತದೆ? ರಕ್ಷಣೆಗೆಂದು ಲೈಸೆನ್ಸ್ ಪಡೆದ ಎಷ್ಟೋ ಜನ ತಮ್ಮ ರಿವಾಲ್ವರಿನಿಂದ ವರ್ಷಕ್ಕೆ ಒಂದು ಗುಂಡನ್ನೂ ಹಾರಿಸಿರುವುದಿಲ್ಲ.

ಅಲ್ಲಿಯೇ ಯೋಚಿಸಬೇಕಾದ ಮಾತಿದೆ. 2024ರ ಫೆಬ್ರುವರಿಯಲ್ಲಿ ಉಲ್ಲಾಸನಗರದ ಹಿಲ್ ಲೈನ್ ಪೊಲೀಸ್ ಠಾಣೆಯೊಳಗೇ, ಜಾಗದ ಜಗಳವೊಂದರಲ್ಲಿ, ರಾಜಕಾರಣಿಗಳ ನಡುವೆ ಗುಂಡು ಹಾರಿತು. ಆ ದಿನ ಯಾರ ಕೈಯಲ್ಲೂ ಗುಂಡು ಕಡಿಮೆಯಾಗಿತ್ತು ಎಂದು ಯಾರೂ ಹೇಳಲಿಲ್ಲ. ಸೆಕೆಂಡಿಗೆ 380 ಮೀಟರ್ ವೇಗದ ಗುಂಡು ಅಮೆರಿಕದ ಹೊರವಲಯದ ಒಂಟಿಮನೆಯಲ್ಲಿ ಒಂದು ಅರ್ಥ ಪಡೆಯುತ್ತದೆ. ಡೊಂಬಿವಲಿಯ ಚಾಳಿನಲ್ಲಿ ಬೇರೆ. ಗುರಿ ತಪ್ಪಿದ ಗುಂಡು ತೆಳು ಗೋಡೆ, ಪ್ಲೈವುಡ್ ಬಾಗಿಲು, ಕಿಟಕಿ ದಾಟಿದರೆ ಆಚೆ ಪಕ್ಕದ ಮನೆಯವರ ಅಡುಗೆಕೋಣೆ. ಇಂಥ ಕಡೆ ಮೂರರಷ್ಟು ಶಕ್ತಿ, ಎರಡು ಗುಂಡು ಹೆಚ್ಚು ಎಂಬುದು ಗುಣವಲ್ಲ. ಬಳಸುವವನಿಗೆ ಅಭ್ಯಾಸ ಇಲ್ಲದಿದ್ದರಂತೂ ಅದು ನೆರೆಯವರ ಅಪಾಯ.

ಹಾಗಾದರೆ .30 ಸೂಪರ್ ಕ್ಯಾರಿ ಗೆಲ್ಲುತ್ತದೆಯೇ? ಅಮೆರಿಕದಲ್ಲಿ ಅದಕ್ಕೆ ಒಂದು ಸಣ್ಣ ಮೂಲೆ ಉಳಿಯಬಹುದು, .41 ಮ್ಯಾಗ್ನಂ 1964ರಿಂದ ಉಳಿದುಕೊಂಡ ಹಾಗೆ. ಇಲ್ಲಿ ಅದು ಬರುವುದೂ ಇಲ್ಲ, ಬಂದರೆ ಉಪಯೋಗವೂ ಇಲ್ಲ. ಥಾಣೆ ಜಿಲ್ಲೆಯ ಶೂಟರಿಗೆ ಬೇಕಾದ ಗೆಲುವು ಬೇರೆ: ನೂರಿಪ್ಪತ್ತೈದು ವರ್ಷ ದಾಟಿದ ಆ ಸಾಧು .32ರ ಮೊಂಡು ಗುಂಡಿನ ತೋಟಾ, ಒಂದರಂತೆ ಇನ್ನೊಂದು ಇರುವ ಹಾಗೆ, ಅಭ್ಯಾಸಕ್ಕೆ ಸಾಕಾಗುವಷ್ಟು, ಸಂಬಳದ ಮನೆಗೆ ಎಟುಕುವ ಬೆಲೆಗೆ ಇಲ್ಲಿಯೇ ತಯಾರಾಗುವುದು. ಅದನ್ನು ಮಾಡಲು ಹೊಸ ಆವಿಷ್ಕಾರ ಏನೂ ಬೇಡ. ಹಿತ್ತಾಳೆ ಇದೆ, ಕೈಕಸುಬು ಇದೆ, ಅಂಬರನಾಥ್‌ನಲ್ಲಿ ಲೋಕಲ್ ನಿಲ್ಲುತ್ತದೆ. ಏರ್ ಪಿಸ್ತೂಲಿನಲ್ಲಿ ಕೈ ಕುದುರಿದ ಹುಡುಗಿ ಮುಂದಿನ ಮೆಟ್ಟಿಲಿಗೆ ಕಾಲಿಡುತ್ತಾಳೋ, ಕಾಲೇಜು ಸೇರಿ ಬ್ಯಾಗನ್ನು ಅಟ್ಟಕ್ಕೆ ಹಾಕುತ್ತಾಳೋ ಎಂಬುದು ಅಮೆರಿಕದ ಹೊಸ ತೋಟಾದಿಂದ ತೀರ್ಮಾನವಾಗುವುದಿಲ್ಲ. ಇಲ್ಲಿನ ಹಳೆಯ ತೋಟಾದ ಬೆಲೆಯಿಂದ ತೀರ್ಮಾನವಾಗುತ್ತದೆ.