ಒಂದು ಬೀಗದ ಲೆಕ್ಕ

ಶಿರಸಿಯಲ್ಲಿ ಯಾರನ್ನಾದರೂ ದಾರಿ ಕೇಳಿ ನೋಡಿ. ರಸ್ತೆಯ ಹೆಸರು ಹೇಳುವವರು ಕಡಿಮೆ. ಮಾರಿಗುಡಿ, ದೇವಿಕೆರೆ, ಐದು ರಸ್ತೆ, ಬಿಡಕಿಬೈಲು—ಈ ನಾಲ್ಕು ಗುರುತುಗಳಲ್ಲಿ ನಿಮ್ಮನ್ನು ಎಲ್ಲಿಗೆ ಬೇಕಾದರೂ ಮುಟ್ಟಿಸಿಬಿಡುತ್ತಾರೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ತೇರು ಗುಡಿಯಿಂದ ಬರುವುದೂ ಬಿಡಕಿಬೈಲಿಗೇ. ನನ್ನ ಪಾಲಿಗೆ ಐದನೆಯ ಗುರುತೊಂದುಂಟು: ಆ ಬಯಲಿಗೆ ಸಮೀಪದ ಒಂದು ಕಬ್ಬಿಣದ ಸಾಮಾನಿನ ಅಂಗಡಿ.

ಅಲ್ಲಿ ನಿಂತರೆ ನಮ್ಮ ಸೀಮೆಯ ಪಂಚಾಂಗವನ್ನೇ ಓದಬಹುದು. ಮಳೆ ಹಿಡಿಯುವ ಮುನ್ನ ಮೈಲುತುತ್ತ. 100 ಲೀಟರ್ ನೀರಿಗೆ ಅದು ಒಂದು ಕಿಲೋ, ಸುಣ್ಣ ಒಂದು ಕಿಲೋ ಕೂಡಿಸಿ ಕೊನೆಗಳಿಗೆ ಹೊಡೆಯದಿದ್ದರೆ ಕೊಳೆರೋಗಕ್ಕೆ ಅಡಿಕೆ ಉದುರಿಹೋದೀತು. ಕೊಯ್ಲಿನ ಕಾಲಕ್ಕೆ ಅಡಿಕೆ ಸುಲಿಯುವ ಮೆಟ್ಟುಗತ್ತಿ. ಬೇಸಿಗೆಗೆ ಬಾವಿಯ ಗಡಗಡೆ, ಹಗ್ಗ. ಸಿದ್ದಾಪುರದ ಬಸ್ಸಿಳಿದವರೂ ಯಲ್ಲಾಪುರದ ಬಸ್ಸಿಳಿದವರೂ ಅಲ್ಲಿ ಆಡುವುದು ಒಂದೇ ಮಾತು—ಮಳೆ ಹೇಗೆ, ದರ ಎಷ್ಟು?

ಅಪ್ಪ ಅಲ್ಲಿ ರೊಕ್ಕ ಎಣಿಸಿದ್ದನ್ನು ನಾನು ಕಂಡದ್ದು ಅಪರೂಪ. "ಬರ್ಕೊಳ್ಳಿ" ಎಂದರೆ ಮುಗಿಯಿತು. ಅಡಿಕೆ ಮಾರಿದ ದಿನ, 1923ರಲ್ಲಿ ಹುಟ್ಟಿದ ತೋಟಗಾರರ ಸೊಸೈಟಿಯಿಂದ ನೇರ ಇಲ್ಲಿಗೆ ಬಂದು ಲೆಕ್ಕ ಚುಕ್ತಾ ಮಾಡುವನು.

ಕಳೆದ ವೈಶಾಖದಲ್ಲಿ ನಾನು ಹೋದದ್ದು ಬೀಗಕ್ಕೆ. ಅಪ್ಪ ತೀರಿಕೊಂಡು ವರ್ಷವಾಗಿತ್ತು. ತೋಟವನ್ನು ಗುತ್ತಿಗೆಗೆ ಕೊಟ್ಟಾಗಿತ್ತು. ಆಯಿ ನನ್ನೊಡನೆ ಬೆಂಗಳೂರಿಗೆ ಹೊರಟಿದ್ದಳು. ನಮ್ಮ ಮನೆಯ ಹೆಬ್ಬಾಗಿಲಿಗೆ ಒಳಗೆ ಅಗುಳಿಯುಂಟು. ಹೊರಗೆ ಬೀಗದ ಕೊಂಡಿಯೇ ಇಲ್ಲ. ಬೇಕಾಗಿರಲಿಲ್ಲ, ಯಾರಾದರೊಬ್ಬರು ಮನೆಯಲ್ಲಿ ಇದ್ದೇ ಇರುತ್ತಿದ್ದರು.

"ಚಿಲಕ, ಕೊಂಡಿ, ದೊಡ್ಡದೊಂದು ಬೀಗ," ಎಂದೆ.

ಅಂಗಡಿಯ ಮುದುಕರು ಕನ್ನಡಕದ ಮೇಲಿಂದ ನೋಡಿ, "ಯಾವ ಬಾಗಿಲಿಗೆ ತಮ್ಮಾ?" ಎಂದರು.

"ಹೆಬ್ಬಾಗಿಲಿಗೆ."

ಅವರು ಮತ್ತೇನೂ ಕೇಳಲಿಲ್ಲ. ಬೀಗವೊಂದನ್ನು ಆರಿಸಿ, ಎರಡು ಹನಿ ಎಣ್ಣೆ ಬಿಟ್ಟು, ಮೂರು ಸಲ ಹಾಕಿ ತೆಗೆದರು. "ನಮ್ಮ ಮಳೆಗಾಲಕ್ಕೆ ಎಂಥ ಬೀಗವೂ ಕಚ್ಚಿಕೊಳ್ತದೆ. ಆಗಾಗ ಬಂದು ತೆಗೀತಾ ಇರಬೇಕು."

ನಾನು ಹಣ ತೆಗೆದೆ. ಅವರು ಕೈ ಅಡ್ಡ ಹಿಡಿದು, ಹಳೆಯ ಖಾತೆಯಲ್ಲಿ ಅಪ್ಪನ ಪುಟ ಹುಡುಕಿ ಬರೆದುಕೊಂಡರು. "ಈಗ ಬೇಡ. ಕೊಯ್ಲು ಮುಗಿದ ಮೇಲೆ ಬಂದು ಕೊಡು. ನಿನ್ನಪ್ಪ ಒಂದು ವರ್ಷವೂ ತಪ್ಪಿಸಿದವನಲ್ಲ."

ತೋಟವೇ ಕೈಯಲ್ಲಿಲ್ಲದವನಿಗೆ ಎಲ್ಲಿಯ ಕೊಯ್ಲು ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಅದು ಅವರಿಗೂ ಗೊತ್ತಿತ್ತು.

ಈಗ ಕೊಯ್ಲು ಮುಗಿದಿದೆಯಂತೆ. ಬರುವ ಶುಕ್ರವಾರದ ರಾತ್ರಿ ಬಸ್ಸಿಗೆ ಎರಡು ಟಿಕೆಟ್ಟು ತೆಗೆದಿಟ್ಟಿದ್ದೇನೆ. ಆಯಿ ಬೀಗದ ಕೈಯನ್ನು ಈಗಲೇ ಸೆರಗಿಗೆ ಕಟ್ಟಿಕೊಂಡಿದ್ದಾಳೆ.