ರೂಬಾರ್ಬಿನ ಸೀಮೆಯಲ್ಲಿ

ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ ವೇಕ್‌ಫೀಲ್ಡ್, ಮೋರ್ಲಿ, ರಾಥ್‌ವೆಲ್ ಎಂಬ ಮೂರು ಊರುಗಳ ನಡುವಣ ಸೀಮೆಯನ್ನು ಜನರು ‘ರೂಬಾರ್ಬ್ ತ್ರಿಕೋಣ’ವೆಂದು ಕರೆಯುತ್ತಾರೆ. ರೂಬಾರ್ಬ್ ಎಂಬುದು ಕೆಸುವಿನಂತೆ ಅಗಲವಾದ ಎಲೆಯೂ ಕೆಂಪಾದ ನೀಳ ದಂಟೂ ಉಳ್ಳ ಗಿಡ. ನಮ್ಮ ಗಂಧಿಗೆಯ ಅಂಗಡಿಗಳ ರೇವಲ್‌ಚಿನ್ನಿ ಬೇರು ಇದೇ ಕುಲದ್ದು. ಆದರೆ ಆಂಗ್ಲರು ಅಡಿಗೆಗೆ ಬಳಸುವುದು ಹುಳಿಯಾದ ದಂಟನ್ನು. ಲೀಡ್ಸಿನಲ್ಲಿ ನೆಲೆಸಿರುವ ನಮ್ಮ ಮಗಳ ಮನೆಗೆ ಹೋಗಿದ್ದಾಗ, ಫೆಬ್ರವರಿಯ ಒಂದು ದಿನ, ಇದನ್ನು ಬೆಳೆಯುವ ಬಗೆಯನ್ನು ಕಾಣುವ ಸುಯೋಗವು ನಮಗೆ ಒದಗಿತು.

ಹೊರಗೆ ನೆಲವೆಲ್ಲ ಹೆಪ್ಪುಗಟ್ಟಿತ್ತು. ಒಳಗೆ ತಗ್ಗಾದ, ಉದ್ದನೆಯ ಕೊಟ್ಟಿಗೆ, ಬೆಚ್ಚನೆಯ ಕತ್ತಲೆ, ಅಲ್ಲೊಂದು ಇಲ್ಲೊಂದು ಮೇಣದಬತ್ತಿ. ಆ ಮಂದಪ್ರಕಾಶದಲ್ಲಿ ಕೆಲಸಗಾರರು ದಂಟುಗಳನ್ನು ಕೀಳುತ್ತಿದ್ದರು. ಬೆಳಕು ಹೆಚ್ಚಾದರೆ ದಂಟು ತನ್ನ ಎಳೆತನವನ್ನು ಕಳೆದುಕೊಳ್ಳುವುದಂತೆ. ಬೇರುಗಳು ಎರಡು ವರ್ಷ ಹೊಲದಲ್ಲಿ ಸತ್ತ್ವವನ್ನು ಕೂಡಿಟ್ಟುಕೊಂಡು, ಚಳಿಯಲ್ಲಿ ನೆನೆದ ಮೇಲೆ ಈ ಕತ್ತಲೆಗೆ ಬರುತ್ತವೆ. ಬಿಸಿಲಿಲ್ಲದುದರಿಂದ ಕೂಡಿಟ್ಟುದನ್ನೇ ವ್ಯಯಿಸಿ ದಂಟನ್ನು ಚಿಗುರಿಸುತ್ತವೆ. ಬೆಳೆ ಮುಗಿದ ಮೇಲೆ ಬಸವಳಿದು ಗೊಬ್ಬರಕ್ಕೆ ಸೇರುತ್ತವೆ. ನಾವು ಮಾತುನಿಲ್ಲಿಸಿ ಕಿವಿಗೊಟ್ಟಾಗ ಮೊಗ್ಗುಗಳು ಸಿಡಿದು ಬಿಚ್ಚುವ ಸಣ್ಣ ಸದ್ದು ಕೇಳಿಸಿತು!

ಹಿಂದೆ ಇಲ್ಲಿ 200ರಷ್ಟು ಬೆಳೆಗಾರರಿದ್ದರು. ಎರಡನೆಯ ಮಹಾಯುದ್ಧದ ತರುವಾಯ ಬಿಸಿನಾಡುಗಳ ಹಣ್ಣುಗಳು ಅಗ್ಗವಾಗಿ ಬರಲು ಇದರ ಬೇಡಿಕೆ ಕುಗ್ಗಿತು. ಈಗ ಉಳಿದಿರುವವು ಕೆಲವೇ ಮನೆತನಗಳು. 2010ರಲ್ಲಿ ಯೂರೋಪಿನ ಒಕ್ಕೂಟವು ಈ ಸೀಮೆಯ ಹೆಸರಿಗೆ ರಕ್ಷಣೆಯನ್ನು ಕೊಟ್ಟಿತು.

ಮೇ ತಿಂಗಳಲ್ಲಿ ಮಗಳ ಹಿತ್ತಿಲಲ್ಲಿಯೇ ಈ ಗಿಡವು ಸೊಂಪಾಗಿ ಹರಡಿತು. ಅಷ್ಟು ಎಲೆಯನ್ನು ಕಂಡ ನಮ್ಮ ಮನೆಯವರಿಗೆ ಕೈ ತಡೆಯಲಿಲ್ಲ. ಮಗಳು ಹೊರಗೆ ಹೋಗಿದ್ದಾಗ ಒಂದು ಮಡಿಲು ಎಲೆಗಳನ್ನು ತಂದು, ಸೊಪ್ಪಿನ ಹುಳಿಗೆಂದು ಹೆಚ್ಚಲಾರಂಭಿಸಿದರು. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಅಷ್ಟರಲ್ಲಿ ಬಂದ ಮಗಳು, “ಅಯ್ಯೋ ಅಮ್ಮ, ಅದು ವಿಷ!” ಎಂದು ಕೂಗಿ ಹರಿವಾಣವನ್ನೇ ಎಳೆದುಕೊಂಡಳು. ದಂಟು ಉಣ್ಣಲು ಯೋಗ್ಯ. ಎಲೆಯಲ್ಲಾದರೋ ಆಕ್ಸಾಲಿಕ್ ಆಮ್ಲವು ವಿಶೇಷವಾಗಿದ್ದು ಮೂತ್ರಪಿಂಡಗಳಿಗೆ ಕೇಡುಮಾಡುತ್ತದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಕಾಯಿಪಲ್ಯದ ಅಭಾವದಲ್ಲಿ, ಈ ಎಲೆಯನ್ನು ತಿಂದು ಅಲ್ಲಿಯ ಜನರೇ ಪ್ರಾಣ ಕಳೆದುಕೊಂಡುದುಂಟು. ಮೊಮ್ಮಕ್ಕಳಿಗೂ ಅದೇ ಹುಳಿಯನ್ನು ಬಡಿಸುವವರಿದ್ದೆವು ಎಂಬುದನ್ನು ನೆನೆದರೆ ಇಂದಿಗೂ ನಮ್ಮ ಎದೆ ನಡುಗುತ್ತದೆ.

ಆ ದಿನ ಎಲೆಗಳು ಗೊಬ್ಬರದ ಗುಂಡಿಗೆ ಹೋದವು. ದಂಟುಗಳನ್ನು ತೊಳೆದು, ಹೆಚ್ಚಿ, ಬೆಲ್ಲ, ಮೆಣಸಿನ ಪುಡಿ, ಉಪ್ಪು ಹಾಕಿ ಬೇಯಿಸಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟೆವು. ಹುಣಿಸೆಯ ಅಗತ್ಯವೇ ಬೀಳಲಿಲ್ಲ. ಮಾವಿನಕಾಯಿಯ ಗೊಜ್ಜೇ ಎನ್ನಿಸುವಂತಿತ್ತು. ನೆರೆಮನೆಯ ವೃದ್ಧೆಯು ಅದನ್ನು ರುಚಿನೋಡಿ, ಮರುದಿನ ತಾನು ಅದೇ ದಂಟಿಗೆ ಸಕ್ಕರೆ ಬೆರೆಸಿ, ಮೇಲೆ ಬೆಣ್ಣೆ ಕಲಸಿದ ಹಿಟ್ಟನ್ನು ಉದುರಿಸಿ ಬೇಯಿಸಿದ ಸಿಹಿಯನ್ನು ತಂದಿತ್ತಳು.

ಪರಸ್ಥಳದ ಗಿಡವು ಎಷ್ಟೇ ಚೆಲುವಾಗಿರಲಿ, ಅಲ್ಲಿಯವರನ್ನು ಕೇಳದೆ ಒಲೆಗೆ ಏರಿಸಬಾರದೆಂಬುದನ್ನು ನಾವು ಹೀಗೆ ಕಲಿತೆವು.